ಮೊಣಕಾಲುದ್ದ ನೀರು

ಗಾವಡಗೆರೆಯಲ್ಲಿ ಚಿಕ್ಕವನಿದ್ದಾಗ ಕೆರೆಗೆ ಇಳಿಯೋ ಮುಂಚೆ ನಮ್ಮ ತಾತ ಒಂದು ಮಾತು ಹೇಳ್ತಿದ್ದ. “ಆಳ ಐತೆ ಅಂತ ಗೊತ್ತಿರೋ ಕಡೆ ನೀನೇ ಹುಷಾರಾಗಿರ್ತೀಯ ಕಣ್ಲಾ. ಮೊಣಕಾಲುದ್ದ ಅಂತ ಕಾಣ್ತದಲ್ಲ, ಅಲ್ಲಿ ಹುಷಾರು.” ಹೂಳು ತೆಗೆದ ಗುಂಡಿ ಎಲ್ಲಿದೆ ಅಂತ ನೀರಿನ ಮೇಲೆ ಬರೆದಿರೋದಿಲ್ಲ. ತಾತ ಕೋಲು ಚುಚ್ಚಿ ನೋಡಿಯೇ ಹೆಜ್ಜೆ ಇಡ್ತಿದ್ದ.

ಸಮುದ್ರವನ್ನ ಇಂಜಿನಿಯರಿಂಗ್ ಸೇರಿದ ಮೇಲೆ ಮೊದಲ ಸಲ ನೋಡಿದವನು ನಾನು. ಅಂಥವನಿಗೆ ಹಾಯಿದೋಣಿಯ ಕಾದಂಬರಿಯೊಂದು ಹಿಡಿಸಿದ್ದು ಈ ಕೋಲಿನ ನೆನಪಿಂದಲೇ. ಅರ್ಸ್ಕಿನ್ ಚಿಲ್ಡರ್ಸ್ 1903ರಲ್ಲಿ ಪ್ರಕಟಿಸಿದ ‘ದಿ ರಿಡಲ್ ಆಫ್ ದ ಸ್ಯಾಂಡ್ಸ್’ ಅದು. ಲಂಡನ್ನಿನ ಸರ್ಕಾರಿ ನೌಕರ ಕ್ಯಾರುದರ್ಸ್, ಗೆಳೆಯ ಡೇವಿಸ್ ಕರೆದ ಅಂತ ದೊಡ್ಡ ಪೆಟ್ಟಿಗೆ ಹೊತ್ಕೊಂಡು ಜರ್ಮನಿಗೆ ಬರ್ತಾನೆ. ಆಳುಕಾಳು ಇರೋ ಐಷಾರಾಮಿ ನೌಕೆ ಅಂದ್ಕೊಂಡಿದ್ದವನಿಗೆ ಸಿಗೋದು ಹಳೇ ಲೈಫ್‌ಬೋಟನ್ನ ಮಾರ್ಪಡಿಸಿದ ಪುಟ್ಟ ಡಲ್ಸಿಬೆಲ್ಲಾ. ಇಬ್ಬರೂ ಚಳಿಗಾಲದ ಮುಂಚಿನ ಗಾಳಿಮಳೆಯಲ್ಲಿ ಫ್ರಿಸಿಯನ್ ದ್ವೀಪಗಳ ಹಿಂದಿನ ತೆಳುನೀರಿಗೆ ಹೋಗ್ತಾರೆ. ಅಲ್ಲಿ ಇಳಿತ ಬಂದ್ರೆ ಮೈಲಿಗಟ್ಟಲೆ ಮರಳು ಬಯಲಾಗುತ್ತೆ. ಸಣ್ಣ ಸಣ್ಣ ಕಾಲುವೆಗಳಲ್ಲಷ್ಟೇ ನೀರು.

ಎಲ್ಲರೂ ಇದನ್ನ ಪತ್ತೇದಾರಿ ಕಥೆ ಅಂತ ಹೊಗಳ್ತಾರೆ. ನನಗೆ ಪತ್ತೇದಾರಿಕೆ ಅಷ್ಟಕ್ಕಷ್ಟೆ, ನಡುವೆ ಬರೋ ಪ್ರೇಮ ಇನ್ನೂ ಸಪ್ಪೆ. ಪುಸ್ತಕದ ಜೀವ ಇರೋದು ನೀರಲ್ಲಿ. 1897ರಲ್ಲಿ ತನ್ನ ದೋಣಿ ವಿಕ್ಸನ್‌ನಲ್ಲಿ ಅದೇ ಕರಾವಳಿ ಸುತ್ತಿದ್ದ ಚಿಲ್ಡರ್ಸ್ ಆ ನೀರನ್ನ ಕೇಳಿ ಬರೆದಿಲ್ಲ, ಕಂಡು ಬರೆದಿದ್ದಾನೆ. ಬಿರುಗಾಳಿಯಲ್ಲಿ ಡಾಲ್‌ಮನ್ ಅನ್ನೋನು ‘ಹತ್ತಿರದ ದಾರಿ’ ಅಂತ ಡೇವಿಸ್‌ನನ್ನ ಮರಳದಿಬ್ಬಕ್ಕೆ ಕರ್ಕೊಂಡು ಹೋಗ್ತಾನಲ್ಲ, ಆ ಪುಟಗಳನ್ನ ಮೆಟ್ರೋದಲ್ಲಿ ಓದ್ತಾ ನನ್ನ ಸ್ಟೇಷನ್ ದಾಟಿಹೋಗಿತ್ತು. ಆಳದ ಅಡಿಯಿರೋ ಹಡಗಾಗಿದ್ರೆ ಅಲ್ಲೇ ಮುಗೀತಿತ್ತು. ಚುಕ್ಕಾಣಿಗೆ ಪೆಟ್ಟು ಬಿದ್ರೂ ಹಗುರ ದೋಣಿ ದಿಬ್ಬ ದಾಟಿ ಉಳಿಯುತ್ತೆ. ದಟ್ಟ ಮಂಜಲ್ಲಿ ಕಂಪಾಸು, ಗಡಿಯಾರ, ನಕ್ಷೆ ನಂಬಿ, ನೀರಿನ ಆಳ ತಡವ್ತಾ ಪುಟ್ಟ ದೋಣಿಯಲ್ಲಿ ಮೆಮರ್ಟ್ ತಲುಪೋ ಅಧ್ಯಾಯವಂತೂ ತಾತನ ಕೋಲಿನ ಕಥೆಯೇ.

ಆದ್ರೆ ನನ್ನ ತಕರಾರು ಇರೋದೂ ಅಲ್ಲೇ. ಆ ಕಾಲುವೆಗಳ ಅಂಚಲ್ಲಿ ದಾರಿ ತೋರಿಸೋಕೆ ಗಿಡದ ಕೊಂಬೆಗಳನ್ನ ನೆಟ್ಟಿರ್ತಾರೆ. ಡೇವಿಸ್ ಅವನ್ನ ನೋಡ್ಕೊಂಡು ದೋಣಿ ನಡೆಸ್ತಾನೆ, ಹಳೇ ನಕ್ಷೆ ತಿದ್ದುತ್ತಾನೆ, ಶಭಾಷ್ ಅನ್ನಿಸ್ಕೊಳ್ತಾನೆ. ಕೊಂಬೆ ನೆಟ್ಟ ಕೈ ಯಾರದ್ದು ಅನ್ನೋದು ಕಥೆಗೆ ಮುಖ್ಯವೇ ಆಗೋದಿಲ್ಲ. ಡೇವಿಸ್‌ಗೆ ನೆರವಾಗೋ ಬಾರ್ಟೆಲ್ಸ್ ಅನ್ನೋ ಸರಕುದೋಣಿಯವನೊಬ್ಬ ಇದ್ದಾನೆ, ನಿಜ. ಅವನೂ ಒಳ್ಳೇ ಮನುಷ್ಯ ಅನ್ನಿಸ್ಕೊಂಡು ಪಕ್ಕಕ್ಕೆ ಸರೀತಾನೆ.

ಇದು ನಮಗೆ ದೂರದ ಮಾತಲ್ಲ. ನಮ್ಮದೇ ಗಂಗೊಳ್ಳಿ ನೋಡಿ. ಐದು ನದಿ ಸೇರಿ ಸಮುದ್ರಕ್ಕೆ ಬೀಳೋ ಅಳಿವೆ ಅದು. ಒಳಗಿಂದ ಹೊಳೆ ತಳ್ಳುತ್ತೆ, ಹೊರಗಿಂದ ಅಲೆ ತಳ್ಳುತ್ತೆ, ನಡುವೆ ಮರಳು ಕೂರುತ್ತೆ. ನೀರು ತೆಳುವಾದ ಕಡೆಯೇ ಅಲೆ ಎದ್ದು ಮುರಿಯೋದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಆಗ ಕಡಲಿಗಿಳಿಯೋದು ನಾಡದೋಣಿಯವರು. ಈ ಮಳೆಗಾಲದಲ್ಲಿ ದಾರಿ ಎಲ್ಲಿ ತೆರೆದಿದೆ ಅನ್ನೋದು ದಿನಾ ಅಲ್ಲಿ ಹಾಯೋರಿಗೆ ಗೊತ್ತು. ನಕ್ಷೆ ಬರೆದು ಮುಗಿಸೋ ಹೊತ್ತಿಗೆ ಮರಳು ಜಾಗ ಬದಲಾಯಿಸಿರುತ್ತೆ.

ಸಾಫ್ಟ್‌ವೇರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾ? ಡಾಕ್ಯುಮೆಂಟ್ ಒಂದು ಹೇಳುತ್ತೆ, ಪ್ರೊಡಕ್ಷನ್ ಇನ್ನೊಂದು ಮಾಡುತ್ತೆ. ಕೊನೆಗೆ ಕಾಪಾಡೋದು ಹತ್ತು ವರ್ಷದಿಂದ ಅದನ್ನೇ ನೋಡ್ಕೊಂಡಿರೋ ಒಬ್ಬ. ಪ್ರೆಸೆಂಟೇಷನ್‌ನಲ್ಲಿ ಮಾತ್ರ ಅವನ ಹೆಸರಿರೋದಿಲ್ಲ. ನಾನೂ ಎಷ್ಟೋ ಸಲ ಡೇವಿಸ್ ಆಗಿದ್ದೀನಿ. ಬೇರೆಯವರು ನೆಟ್ಟ ಕೊಂಬೆ ಹಿಡಿದು ಬಂದು ನನ್ನ ನಕ್ಷೆ ತೋರಿಸಿದ್ದೀನಿ.

ಆದ್ರೂ ಈ ಪುಸ್ತಕ ಓದಿ. ತೆಳುನೀರನ್ನ ಇಷ್ಟು ಗೌರವದಿಂದ ನೋಡಿದ ಕಾದಂಬರಿ ನಾನು ಬೇರೆ ಓದಿಲ್ಲ. ಓದ್ತಾ ಓದ್ತಾ ಆ ಕೊಂಬೆಗಳ ಹತ್ರ ಒಂದು ನಿಮಿಷ ನಿಲ್ಲಿ, ಅಷ್ಟೆ.

ತಾತ ಹೋದ ಮೇಲೆ ನಮ್ಮ ಕೆರೆ ಹೂಳನ್ನ ಜೆಸಿಬಿ ತೆಗೀತು. ಹೋದ ಸಲ ಊರಿಗೆ ಹೋದಾಗ ಮಗಳು ನೀರಿಗಿಳೀತೀನಿ ಅಂದಳು. ಫೋನ್ ತೆಗೆದು ನೋಡಿದೆ. ಮ್ಯಾಪಲ್ಲಿ ಕೆರೆ ಪೂರ್ತಿ ಒಂದೇ ನೀಲಿ. ಫೋನ್ ಜೇಬಿಗಿಟ್ಟು, ಏರಿ ಮೇಲೆ ದನ ಮೇಯಿಸ್ತಿದ್ದ ಹುಡುಗನನ್ನ ಕೂಗಿ ಕರೆದೆ. ಅವನ ಕೈಲಿ ಕೋಲಿತ್ತು.