ಗಾಳಿ ಬರೆದ ಗೆರೆ

ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಬಾನುಲಿ ಸಂಸ್ಥೆಗೆ ಬೇಕಿದ್ದದ್ದು ತಂತಿ ಬಿಗಿದು ನಿಲ್ಲಿಸುವ ಉಕ್ಕಿನ ಕಂಬ, ಅಷ್ಟೇ. ಸೇತುವೆಗಳಲ್ಲಿ ಪಳಗಿದ್ದ ಇಂಜಿನಿಯರ್ ಫ್ರಿಟ್ಸ್ ಲಿಯೊನ್‌ಹಾರ್ಟ್‌ಗೆ ಊರಿನ ಗುಡ್ಡದ ಮೇಲೆ ಅಂಥದ್ದೊಂದು ನಿಲ್ಲುವುದು ಸಹ್ಯವಾಗಲಿಲ್ಲ. ಕಾಂಕ್ರೀಟಿನಲ್ಲೇ ಕಟ್ಟೋಣ, ಮೇಲೆ ಹೋಟೆಲೊಂದನ್ನೂ ಇಡೋಣ ಎಂದರು. 1954ರಲ್ಲಿ ಕೆಲಸ ಶುರುವಾಗಿ 1956ರ ಫೆಬ್ರವರಿಯಲ್ಲಿ ಗೋಪುರ ತೆರೆಯಿತು. ಕಾಂಕ್ರೀಟಿನ ಟಿ.ವಿ. ಗೋಪುರಗಳಲ್ಲಿ ಇದೇ ಮೊದಲನೆಯದು.

ಅಡಿಕೆ ಮರದಷ್ಟು ಸಪೂರವಾಗಿ ಕಾಣುವ ಈ ಕಾಂಡ ಒಳಗೆ ಟೊಳ್ಳು. ಬುಡದಲ್ಲಿ ಅಡ್ಡಳತೆ ಸುಮಾರು 10.8 ಮೀಟರ್, ತುದಿಗೆ ಹೋಗುವಷ್ಟರಲ್ಲಿ ಅರ್ಧಕ್ಕೂ ಕಡಿಮೆ. ಬದಿಯ ಗೆರೆ ನೇರವಲ್ಲ, ಕೆಳಗಿಳಿದಂತೆ ಮೆಲ್ಲಗೆ ಹೊರಕ್ಕೆ ಬಾಗುತ್ತದೆ. ಶೋಕಿಗಲ್ಲ. ಗಾಳಿ ತಳ್ಳಿದಾಗ ಕಾಂಡದ ಮೇಲೆ ಬೀಳುವ ಬಾಗುವಿಕೆಯ ಒತ್ತಡ ಬುಡದತ್ತ ಏರುತ್ತದೆ, ಅಗಲವೂ ಅದರ ಜೊತೆಗೇ ಏರುತ್ತದೆ. ಲೆಕ್ಕವೇ ಇಲ್ಲಿ ಚೆಲುವಾಗಿದೆ ಎಂದರೆ ತಪ್ಪಿಲ್ಲ.

ನನಗೆ ಅದಕ್ಕಿಂತ ಇಷ್ಟವಾಗುವುದು ಯಾರ ಕಣ್ಣಿಗೂ ಬೀಳದ ತಳಪಾಯ. ಗಟ್ಟಿ ದಿಮ್ಮಿ ಸುರಿಯದೆ, ಶಂಕುವಿನಾಕಾರದ ತೆಳು ಚಿಪ್ಪುಗಳಿಂದ ಭಾರವನ್ನು 27 ಮೀಟರ್ ಅಗಲದ ಉಂಗುರಕ್ಕೆ ಇಳಿಸಿದ್ದಾರೆ. ಉಂಗುರ ಹೊರಕ್ಕೆ ಬಿರಿಯದಂತೆ ಬಿಗಿದೆಳೆದ ಉಕ್ಕಿನ ತಂತಿಗಳು ಹಿಡಿದಿವೆ.

ದುಂದುವೆಚ್ಚವೆಂದು ಆಗ ಗೊಣಗಿದವರಿದ್ದರು. ನೋಡಲು ಬಂದವರ ಟಿಕೆಟ್ ಹಣದಿಂದಲೇ ಐದು ವರ್ಷದಲ್ಲಿ ಖರ್ಚು ಹುಟ್ಟಿತು. ಬೆಂಕಿ ಸುರಕ್ಷತೆ ಸಾಲದೆಂದು 2013ರಲ್ಲಿ ಸಾರ್ವಜನಿಕರಿಗೆ ಮುಚ್ಚಿದ್ದ ಗೋಪುರ, ದುರಸ್ತಿಯ ಬಳಿಕ 2016ರ ಜನವರಿಯಲ್ಲಿ ಮತ್ತೆ ತೆರೆಯಿತು.