ಸೆರೆಮನೆಯ ಕನಿಷ್ಠ ನಿಯಮಗಳು: ಎರಡು ಪಾಠಗಳು

ಹಲವು ದೇಶಗಳ ಸೆರೆಮನೆಯ ಅಧಿಕಾರಿಗಳೂ ನ್ಯಾಯವಿದರೂ ಕೂಡಿ ರಚಿಸಿದ ನಿಯಮಾವಳಿಯೊಂದನ್ನು ವಿಮರ್ಶಕನ ಕಣ್ಣಿನಿಂದ ನೋಡುವುದು ಕೆಲವರಿಗೆ ವಿಪರೀತವಾಗಿ ತೋರಬಹುದು. ಆದರೆ ಒಂದು ಪದವು ಪಲ್ಲಟವಾದರೆ ಬಂದಿಯೊಬ್ಬನ ದೇಹದ ಗತಿಯೇ ಪಲ್ಲಟವಾಗುವ ಬರಹದಲ್ಲಿ ಪಾಠಭೇದವನ್ನು ಪರಿಶೀಲಿಸದೆ ಮತ್ತೆಲ್ಲಿ ಪರಿಶೀಲಿಸಬೇಕು?

ಬಂದಿಗಳ ಪಾಲನೆಯನ್ನು ಕುರಿತ ಈ ಕನಿಷ್ಠ ನಿಯಮಗಳ ಮೂಲರೂಪವನ್ನು ಅಂತರರಾಷ್ಟ್ರೀಯ ದಂಡನ ಮತ್ತು ಕಾರಾಗೃಹ ಆಯೋಗವು ಸಿದ್ಧಪಡಿಸಿತು. 1934ರಲ್ಲಿ ಲೀಗ್ ಆಫ್ ನೇಷನ್ಸ್ ಅದನ್ನು ಅನುಮೋದಿಸಿತು. ವಿಶ್ವಸಂಸ್ಥೆಯ ಆಶ್ರಯದಲ್ಲಿ ಜಿನೀವಾದಲ್ಲಿ ಅಂಗೀಕೃತವಾದ 1955ರ ಪಾಠ ಒಂದು. ಅದನ್ನು ಪರಿಷ್ಕರಿಸಿ, 27 ವರ್ಷ ಸೆರೆಯಲ್ಲಿ ಕಳೆದ ನೆಲ್ಸನ್ ಮಂಡೇಲಾ ಅವರ ಹೆಸರನ್ನಿಟ್ಟ 2015ರ ಪಾಠ ಇನ್ನೊಂದು.

ಮೊದಲನೆಯದರ 32ನೆಯ ನಿಯಮದ ತಾತ್ಪರ್ಯವಿದು: ಒಂಟಿಕೋಣೆಯ ಬಂಧನವನ್ನಾಗಲಿ ಆಹಾರದ ಕಡಿತವನ್ನಾಗಲಿ, ವೈದ್ಯನು ಬಂದಿಯನ್ನು ಪರೀಕ್ಷಿಸಿ ಇವನು ತಾಳಬಲ್ಲನೆಂದು ಬರೆದುಕೊಟ್ಟ ಹೊರತು ವಿಧಿಸಲೇಕೂಡದು. ಮೇಲುನೋಟಕ್ಕೆ ಇದು ದಯೆಯ ಮಾತು. ಆದರೆ ನಿಷೇಧದ ವೇಷದಲ್ಲಿ ಬಂದು ಅನುಮತಿಯನ್ನು ಕೊಟ್ಟು ಹೋಗುವ ವಾಕ್ಯವಿದು. ಶಿಕ್ಷೆಯ ಬಾಗಿಲಿನ ಕೀಲಿಕೈ ವೈದ್ಯನ ಕೈಯಲ್ಲಿದೆ. (ನಮ್ಮ ದೇಶದ 1894ರ ಕಾರಾಗೃಹ ಶಾಸನವೂ ದಂಡನೆಯ ಆಹಾರ, ಛಡಿಯೇಟುಗಳಿಗೆ ಇಂತಹುದೇ ವೈದ್ಯಪತ್ರವನ್ನು ಕೇಳಿತ್ತು.) 2015ರ ಪಾಠದ 43ನೆಯ ನಿಯಮವು ಆಹಾರದ ಕಡಿತವನ್ನೇ ನಿಷೇಧಿಸಿತು; 46ನೆಯದು ಶಿಕ್ಷೆ ವಿಧಿಸುವುದರಲ್ಲಿ ವೈದ್ಯನಿಗೆ ಯಾವ ಪಾತ್ರವೂ ಇರಕೂಡದೆಂದಿತು. ಅವನು ಒಂಟಿಬಂದಿಯನ್ನು ದಿನವೂ ಕಾಣಬೇಕು. ಕೇಡು ಕಂಡರೆ ಅಧಿಕಾರಿಗೆ ತಿಳಿಸಬೇಕು. ಅದೇ ಬಾಗಿಲು, ಅದೇ ವೈದ್ಯ. ಕ್ರಿಯಾಪದ ಮಾತ್ರ ಬೇರೆ. ಪರಿಷ್ಕರಣದಲ್ಲಿ ಇದಕ್ಕಿಂತ ದೊಡ್ಡ ತಿದ್ದುಪಡಿಯನ್ನು ನಾನು ಕಾಣೆ.

ಇನ್ನು ದೋಷದ ಮಾತು. 44ನೆಯ ನಿಯಮವು ದಿನಕ್ಕೆ 22 ಗಂಟೆ ಅಥವಾ ಹೆಚ್ಚು ಕಾಲ, ಅರ್ಥವತ್ತಾದ ಮಾನವಸಂಪರ್ಕವಿಲ್ಲದೆ ಇರಿಸುವುದನ್ನು ಏಕಾಂತಬಂಧನವೆಂದೂ, ಅದು ಒಂದೇ ಸಮನೆ 15 ದಿನ ಮೀರಿದರೆ ದೀರ್ಘವೆಂದೂ ಲಕ್ಷಣ ಹೇಳುತ್ತದೆ. ಅಂಕೆಗಳಲ್ಲಿ ಸಂದೇಹವಿಲ್ಲ, 'ಅರ್ಥವತ್ತಾದ' ಎಂಬ ವಿಶೇಷಣದಲ್ಲಿದೆ. ಬಾಗಿಲ ಕಿಂಡಿಯಿಂದ ತಟ್ಟೆಯನ್ನು ನೂಕುವ ಪಹರೆಯವನ ಕೈ ಸಂಪರ್ಕವೋ ಅಲ್ಲವೋ? ಸೂತ್ರವು ಮೌನವಾಗಿದೆ. 2016ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದಲ್ಲಿ ಸೇರಿದ ತಜ್ಞರು ಸಂಪರ್ಕವು ಮುಖಾಮುಖಿಯಾಗಿರಬೇಕು, ಕ್ಷಣಿಕವಾಗಿರಬಾರದು ಎಂದು ಭಾಷ್ಯ ಬರೆದರು. ಭಾಷ್ಯ ಸಮರ್ಪಕವೇ, ಆದರೆ ಸೂತ್ರವನ್ನು ಓದುವ ಜೈಲರನೆಲ್ಲ ಭಾಷ್ಯವನ್ನೂ ಓದುವನೆಂಬ ನಂಬಿಕೆ ನನಗಿಲ್ಲ. ಕನ್ನಡಕ್ಕೆ ತರುವವರು ಇಲ್ಲಿ 'ಅರ್ಥಪೂರ್ಣ' ಎಂದು ಬರೆದು ಮುಂದೆ ಸಾಗದೆ, 'ಎದುರುಬದುರಾಗಿ ಮಾತುಕತೆ' ಎಂದೇ ಬರೆಯುವುದು ಮೇಲು. ಪದನಿಷ್ಠೆ ಸ್ವಲ್ಪ ಸಡಿಲವಾಯಿತೆಂದು ಪಂಡಿತರು ಆಕ್ಷೇಪಿಸಿದರೆ ಆಕ್ಷೇಪಿಸಲಿ.