ಬಗ್ಗಿ ನೋಡದ ಆರೈಕೆ

ಜೂನ್ ತಿಂಗಳ ಒಂದು ಬೆಳಿಗ್ಗೆ ಮುಕ್ಕದ ಬಳಿ ನನ್ನ ಕಾರಿನ ಹಿಂದಿನ ಟಯರು ಪಂಕ್ಚರ್ ಆಯಿತು. ಹೆದ್ದಾರಿಯ ಬದಿಗೆ ನಿಲ್ಲಿಸಿ, ಸ್ಟೆಪ್ನಿ ತೆಗೆದಿಟ್ಟು, ಬಾಗಿಲಿನ ಕೆಳಗಿನ ಅಂಚಿಗೆ ಜಾಕ್ ಕೊಟ್ಟು ಎತ್ತತೊಡಗಿದೆ. ಕಾರು ಏಳಲಿಲ್ಲ, ಜಾಕೇ ಒಳಗೆ ನುಗ್ಗಿತು. ತಗಡು ಹಪ್ಪಳದ ಹಾಗೆ ಮುರಿದು ಕೆಂಪು ಪುಡಿಯಾಗಿ ಕೈಮೇಲೆ ಉದುರಿತು. ಹಿಂದಿನ ದಿನವಷ್ಟೇ ತೊಳೆಸಿದ್ದ ಕಾರು ಅದು, ಬಾನೆಟ್ಟಿನಲ್ಲಿ ಮುಖ ಕಾಣುತ್ತಿತ್ತು. ಗ್ಯಾರೇಜಿನಲ್ಲಿ ಅದನ್ನು ಮೇಲಕ್ಕೆತ್ತಿ ಟಾರ್ಚ್ ಹಿಡಿದ ಮೆಕ್ಯಾನಿಕ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ಮೇಲೆ ಚೆನ್ನಾಗಿ ನೋಡಿಕೊಂಡಿದ್ದೀರಿ ಮಾರಾಯ್ರೆ. ಅಡಿ ಮಾತ್ರ ಒಂದು ದಿನವೂ ನೋಡಿದ ಹಾಗಿಲ್ಲ."

ಸುರತ್ಕಲ್ಲಿನ ವಾಹನಪಾಲನೆಯ ಬಗ್ಗೆ ನಾನು ಕೇಳಿದ ಅತ್ಯಂತ ಚಿಕ್ಕ, ಅತ್ಯಂತ ನ್ಯಾಯವಾದ ವಿಮರ್ಶೆ ಇದು. ನಮ್ಮೂರಿನವರು ಕಾರನ್ನು ಪ್ರೀತಿಸುವುದಿಲ್ಲ ಎಂದು ಯಾರೂ ಹೇಳಲಾರರು. ಸಾಲ ಮಾಡಿ ಕೊಳ್ಳುತ್ತೇವೆ, ಕಟೀಲಿಗೆ ಒಯ್ದು ಪೂಜೆ ಮಾಡಿಸುತ್ತೇವೆ, ಭಾನುವಾರ ತೊಳೆಯುತ್ತೇವೆ, ಸಣ್ಣ ಗೀರು ಬಿದ್ದರೂ ಸಂಕಟಪಡುತ್ತೇವೆ. ಆದರೆ ಈ ಪ್ರೀತಿಯೆಲ್ಲ ಕಣ್ಣಿಗೆ ಬೀಳುವ ಭಾಗಕ್ಕೆ ಸಲ್ಲುತ್ತದೆ. ಕಾರು ಸಾಯುವುದು ಕಣ್ಣಿಗೆ ಬೀಳದ ಕಡೆಯಿಂದ.

ಇಲ್ಲಿ ಅದು ಎಷ್ಟು ಬೇಗ ಎನ್ನುವುದಕ್ಕೆ ಊರಿನ ನಕ್ಷೆಯೇ ಉತ್ತರ ಹೇಳುತ್ತದೆ. ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ಕಡಲಿನ ಮಗ್ಗುಲಲ್ಲೇ ಸಾಗುತ್ತದೆ. ಎನ್‌ಐಟಿಕೆ ಆವರಣ ಹೆದ್ದಾರಿಯ ಆಚೆಗೂ ಹರಡಿ ಮರಳಿನವರೆಗೆ ಹೋಗುತ್ತದೆ. ದೀಪಸ್ತಂಭದ ಕೆಳಗೆ, ಸದಾಶಿವ ದೇವಸ್ಥಾನದ ಬಂಡೆಗಳಿಗೆ ಬಡಿದು ಒಡೆಯುವ ತೆರೆಯ ಸೂಕ್ಷ್ಮ ಹನಿಗಳು ಗಾಳಿಯಲ್ಲಿ ಒಣಗಿ ಉಪ್ಪಾಗಿ ಊರೊಳಗೆ ಬರುತ್ತವೆ. ಕಿಟಕಿಯ ಸರಳು, ಗೇಟಿನ ತಿರುಗಣೆ, ಫ್ಯಾನಿನ ಕಂಬಿ, ಎಲ್ಲದರ ಮೇಲೂ ಅದು ಕೂರುತ್ತದೆ. ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಸಾಕು. ಉಪ್ಪು ಸೇರಿದರೆ ಎರಡು ಅನಾಹುತ ಹೆಚ್ಚಾಗುತ್ತವೆ. ಲೋಹದ ಮೇಲಿನ ತೆಳು ನೀರಿನ ಪದರದಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ತುಕ್ಕಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ. ಜತೆಗೆ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಮಳೆಯಿಲ್ಲದ ದಿನವೂ ಆ ಜಾಗ ಒದ್ದೆಯಾಗಿಯೇ ಉಳಿಯುತ್ತದೆ. ಶೆಡ್ಡಿನಲ್ಲಿ ನಿಂತ ಕಾರೂ ಇಲ್ಲಿ ಕರಗುವುದು ಇದರಿಂದಲೇ.

"ನಮ್ಮಲ್ಲಿ ಇಷ್ಟು ಮಳೆ ಬರುವಾಗ ಉಪ್ಪು ತೊಳೆದು ಹೋಗುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಕಾರಿನ ತಲೆಯನ್ನೇನೋ ತೊಳೆಯುತ್ತದೆ. ಅಡಿಗೆ ಸಿಗುವುದು ಚಕ್ರಗಳು ಎರಚುವ ಕೆಸರು. ಮಡ್‌ಗಾರ್ಡಿನ ಒಳಮೂಲೆಗಳಲ್ಲಿ ಕೆಂಪು ಮಣ್ಣು ಮೆತ್ತಿಕೊಂಡು, ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ ತಿಂಗಳುಗಟ್ಟಲೆ ತಗಡಿಗೆ ಅಂಟಿ ಕೂರುತ್ತದೆ. ಮೇಲೆ ಹೊಳಪು, ಕೆಳಗೆ ಕೊಳೆತ: ಇದು ಮಳೆಗಾಲವೇ ಮಾಡಿಡುವ ವಂಚನೆ.

ಇದೇ ಕಡಲತಡಿಯಲ್ಲಿ ಈ ವಂಚನೆಗೆ ಎಂದೂ ಬಲಿಯಾಗದ ಜನ ಇದ್ದಾರೆ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಂಗಳೂರಿನ ಬಂದರಿನಲ್ಲಿ, ಮಲ್ಪೆಯಲ್ಲಿ ದಡ ಸೇರಿದ ಬೋಟುಗಳಿಗೆ ಅದು ದುರಸ್ತಿಯ ಕಾಲ. ಮೇಲಕ್ಕೆಳೆದ ಬೋಟಿನಲ್ಲಿ ಮೊದಲು ನೋಡುವುದು ನೀರೊಳಗೆ ಮುಳುಗಿರುವ ಹೊಟ್ಟೆಯನ್ನು. ಅಂಟಿದ್ದನ್ನು ಕೆರೆದು, ಸಂದು ನೋಡಿ, ಒಣಗಿಸಿ, ಆಮೇಲೆ ಬಣ್ಣ. ಮರದ ದೋಣಿಗಳ ಕಾಲದಲ್ಲಿ ಮೀನೆಣ್ಣೆ ಹಚ್ಚುತ್ತಿದ್ದರು. ಮೇಲಿನ ಬಣ್ಣ ನೋಡಿ ದೋಣಿ ಗಟ್ಟಿಯಿದೆ ಎಂದು ನಂಬುವ ಮೊಗವೀರರನ್ನು ನಾನು ಕಂಡಿಲ್ಲ. ಉಪ್ಪು ನೀರಿನೊಡನೆ ಬದುಕುವವರ ಆರೈಕೆಗೆ ಅಳತೆಗೋಲು ಇದು. ಈ ಕೋಲು ಹಿಡಿದು ನಮ್ಮ ಕಾರು ಸಾಕಣೆಯನ್ನು ಅಳೆದು ನೋಡೋಣ.

ಮೊದಲನೆಯದು ವಾಟರ್ ಸರ್ವಿಸ್. ಅಲ್ಲಿ ಬಿಸಿಲಲ್ಲಿ ದುಡಿಯುವ ಹುಡುಗರ ಶ್ರಮದ ಬಗ್ಗೆ ನನಗೆ ಗೌರವವಿದೆ. ತಪ್ಪಿರುವುದು ನಾವು ಕೇಳುವುದರಲ್ಲಿ. ನಾವು ಕೇಳುವುದು ಫೋಮು, ಪಾಲಿಶ್, ಡ್ಯಾಶ್‌ಬೋರ್ಡಿನ ಮಿಂಚು. ಹೊರಡುವ ಅವಸರದಲ್ಲಿ ಕಾರನ್ನು ಲಿಫ್ಟಿಗೆ ಏರಿಸುವ ಕೆಲಸ ತಪ್ಪಿಹೋಗುತ್ತದೆ. ಏರಿಸಿದರೂ ಕೊನೆಗೆ ಅಡಿಗೆ ಡೀಸೆಲ್ ಸಿಂಪಡಿಸಿ ಕಪ್ಪಾಗಿ ಮಿನುಗಿಸುವ ಹಳೆಯ ರೂಢಿಯೊಂದಿದೆ. ಆ ಮಿನುಗು ಕೆಲವು ದಿನದ್ದು. ಡೀಸೆಲ್ ರಬ್ಬರ್ ಬುಷ್‌ಗಳನ್ನು ಹಾಳು ಮಾಡುತ್ತದೆ, ದೂಳನ್ನು ಹಿಡಿದಿಡುತ್ತದೆ. ಇನ್ನು ಬಾನೆಟ್ ತೆರೆದು ಇಂಜಿನ್ನಿಗೇ ಜೋರು ಪೈಪು ಹಿಡಿಸುವುದು ವೈರಿಂಗ್ ಕನೆಕ್ಟರುಗಳ ಒಳಗೆ ನೀರು ತುಂಬುವ ದಾರಿ.

ನೀರಿನ ಮಾತು ಇನ್ನೂ ಮುಖ್ಯ. ಕಡಲ ಹತ್ತಿರದ ಹಲವು ಬಾವಿಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ನೀರು ಸವುಳಾಗುತ್ತದೆ. ಕುಡಿಯಲು ಬಾರದ ಆ ನೀರನ್ನು ಕಾರಿಗೆ ಸುರಿದರೆ ಉಪ್ಪನ್ನು ಉಪ್ಪಿನಿಂದಲೇ ತೊಳೆದ ಹಾಗಾಯಿತು. ನಾಲಿಗೆಗೆ ಒಪ್ಪದ ನೀರು ತಗಡಿಗೂ ಬೇಡ. ಎರಡು ಬಕೆಟ್ ಸಿಹಿನೀರು ಸಾಕು, ಆದರೆ ಅದು ಚಕ್ರದ ಒಳಗೋಡೆಗೆ, ಬಾಗಿಲಿನ ಕೆಳಅಂಚಿಗೆ ಬೀಳಬೇಕು. ಪ್ರತಿ ಬಾಗಿಲಿನ ತಳದಲ್ಲಿ ಒಳಗೆ ಇಳಿದ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಮಣ್ಣು ಕಟ್ಟಿದರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಹಿಡಿಸೂಡಿಯ ಒಂದು ಕಡ್ಡಿ ಹಿಡಿದು ಅವುಗಳನ್ನು ಬಿಡಿಸಲು ಐದು ನಿಮಿಷ ಸಾಕು. ಖರ್ಚಿಲ್ಲದ ಈ ಕೆಲಸ ಮಾಡುವವರನ್ನು ನಾನು ಬೆರಳೆಣಿಕೆಯಲ್ಲೂ ಕಂಡಿಲ್ಲ.

ಎರಡನೆಯದು ಕೋಟಿಂಗ್. ಹೊಸ ಕಾರಿನ ಬಿಲ್ಲಿನ ಜತೆ ಈಗ ಬಗೆಬಗೆಯ ಲೇಪನಗಳೂ ಬರುತ್ತವೆ. ಸೆರಾಮಿಕ್ ಕೋಟಿಂಗ್ ಬಣ್ಣಕ್ಕೆ ಒಳ್ಳೆಯದೇ. ಆದರೆ ಅದು ರಕ್ಷಿಸುವುದು ಹೊರಬಣ್ಣವನ್ನು ಮಾತ್ರ. ಕರಾವಳಿಯಲ್ಲಿ ಇರುವ ಹಣ ಮೊದಲು ಹೋಗಬೇಕಾದದ್ದು ಅಡಿಯ ಲೇಪನಕ್ಕೆ. ಅದಕ್ಕೂ ಒಂದು ಷರತ್ತಿದೆ: ಶುದ್ಧವಾದ, ಪೂರ್ತಿ ಒಣಗಿದ ಲೋಹದ ಮೇಲೆ ಹಚ್ಚಬೇಕು, ವರ್ಷಕ್ಕೊಮ್ಮೆ ಎಲ್ಲಿ ಎದ್ದಿದೆ ಎಂದು ನೋಡಬೇಕು. ಮಳೆಗಾಲದ ನಡುವೆ, ತುಕ್ಕಿನ ಮೇಲೆಯೇ ಕರಿಯ ಲೇಪನ ಬಳಿಸಿದರೆ ಒಳಗಿನ ತೇವಕ್ಕೆ ಮುಚ್ಚಳ ಹಾಕಿದಂತೆ. ನನ್ನ ಕಾರಿಗೂ ಹಾಗೆಯೇ ಆಗಿತ್ತು. ಲೇಪನ ಗಟ್ಟಿಯಾಗಿಯೇ ಇತ್ತು, ಅದರ ಹಿಂದೆ ತಗಡು ಇರಲಿಲ್ಲ.

ಮೂರನೆಯದು, ಶೋರೂಮಿನ ಸರ್ವಿಸಿನ ಮೇಲೆ ನಾವಿಟ್ಟಿರುವ ನಂಬಿಕೆ. ಹೆಚ್ಚಿನ ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂಬ ನಿಯಮವಿದೆ. ನಾವು ನೆನಪಿಡುವುದು ಅದರ ಮೊದಲರ್ಧ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡಿಸುವ ನಿವೃತ್ತರು "ಓಡಿಯೇ ಇಲ್ಲ, ಸರ್ವಿಸ್ ಯಾಕೆ?" ಎನ್ನುತ್ತಾರೆ. ಪೇಟೆಗೆ, ದೇವಸ್ಥಾನಕ್ಕೆ, ಮೀನು ಮಾರುಕಟ್ಟೆಗೆ ಎಂದು ಎರಡೆರಡು ಕಿಲೋಮೀಟರ್ ಓಡುವ ಇಂಜಿನ್ನಿನ ಆಯಿಲು ಸರಿಯಾಗಿ ಬಿಸಿಯಾಗುವುದೇ ಇಲ್ಲ. ಒಳಗಿನ ನೀರಾವಿ ಹಾರಿಹೋಗದೆ ಆಯಿಲಿನಲ್ಲೇ ಉಳಿಯುತ್ತದೆ. ಕಾರಿನ ಜತೆ ಬರುವ ಪುಸ್ತಕದಲ್ಲಿ ಕಠಿಣ ಪರಿಸ್ಥಿತಿಯ ಬಳಕೆಗೆ ಬೇರೆಯೇ ಪಟ್ಟಿ ಕೊಟ್ಟಿರುತ್ತಾರೆ. ದೂಳು, ಕೆಸರು, ಪದೇಪದೇ ಸಣ್ಣ ಓಟ: ಅಲ್ಲಿ ಹೇಳುವುದು ನಮ್ಮ ದಿನಚರಿಯನ್ನೇ. ಆ ಪುಟ ತೆರೆಯದೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಪುಸ್ತಕ ಹಳತಾಗುತ್ತದೆ.

ಹೀಗೆ ಮರೆತು ಹೋಗುವುದರಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಬ್ರೇಕ್ ಆಯಿಲು. ಅದು ಗಾಳಿಯಿಂದ ತೇವ ಹೀರುವ ದ್ರವ. ಡಾಟ್ 4 ದರ್ಜೆಯ ಹೊಸ ಆಯಿಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ ಇದು ಗೊತ್ತೇ ಆಗದು. ಆದರೆ ನಾವು ಚಾರ್ಮಾಡಿ, ಶಿರಾಡಿ, ಆಗುಂಬೆ ಇಳಿಯುವ ಜನ. ತಿರುವಿನಿಂದ ತಿರುವಿಗೆ ಬ್ರೇಕ್ ಒತ್ತುತ್ತ ಬಂದಾಗ ಆಯಿಲು ಕುದಿದು ಗುಳ್ಳೆ ಎದ್ದರೆ ಪೆಡಲ್ ಸುಮ್ಮನೆ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸುವ ಖರ್ಚು ಒಂದು ಒಳ್ಳೆಯ ಸೀಟ್ ಕವರಿಗಿಂತ ಕಡಿಮೆ. ಸೀಟ್ ಕವರು ನಾವು ಕೇಳಿ ಹಾಕಿಸುತ್ತೇವೆ; ಬ್ರೇಕ್ ಆಯಿಲು ಬದಲಿಸಿದಿರಾ ಎಂದು ಎಷ್ಟು ಜನ ಕೇಳುತ್ತೇವೆ?

ಟಯರಿನದೂ ಅದೇ ಕತೆ. ಸವೆತ ತೋರಿಸುವ ಸಣ್ಣ ದಿಬ್ಬಗಳು 1.6 ಮಿಲಿಮೀಟರಿನ ಗುರುತು. ನಮ್ಮ ಮಳೆಯಲ್ಲಿ ಅಲ್ಲಿಯವರೆಗೂ ಕಾಯಬಾರದು. ಟಯರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಅದರ ಜಾತಕ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಗಾಳಿ ಹಿಡಿಸಬೇಕಾದದ್ದು ಟಯರು ತಣ್ಣಗಿರುವಾಗ, ಚಾಲಕನ ಬಾಗಿಲಿನ ಕಂಬದ ಚೀಟಿಯಲ್ಲಿ ಬರೆದಷ್ಟು. ಸ್ಟೆಪ್ನಿಗೂ ಅಷ್ಟೇ ಮುತುವರ್ಜಿ ಬೇಕು.

ಈ ಊರಿನ ವಿಮರ್ಶೆಯಲ್ಲಿ ಗಲ್ಫ್ ಮನೆಗಳ ಕಾರನ್ನು ಬಿಡುವಂತಿಲ್ಲ. ಮಗ ದುಬೈಯಲ್ಲೋ ಜುಬೈಲಿನಲ್ಲೋ; ಅವನು ರಜೆಯಲ್ಲಿ ಬಂದಾಗ ಓಡಿಸಲಿ ಎಂದು ಕೊಂಡ ಕಾರು ಹನ್ನೊಂದು ತಿಂಗಳು ಬಟ್ಟೆ ಹೊದ್ದು ನಿಂತಿರುತ್ತದೆ. ತಂದೆ ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುತ್ತಾರೆ. ಅವರ ಕಾಳಜಿ ದೊಡ್ಡದು, ಆದರೆ ಆ ಎರಡು ನಿಮಿಷ ಬ್ಯಾಟರಿಯಿಂದ ತೆಗೆದುಕೊಳ್ಳುವುದೇ ಹೆಚ್ಚು, ಕೊಡುವುದು ಕಡಿಮೆ. ಒದ್ದೆ ಹೊದಿಕೆಯೊಳಗೆ ಬ್ರೇಕ್ ಡಿಸ್ಕಿಗೆ ತುಕ್ಕು, ಬಾನೆಟ್ಟಿನೊಳಗೆ ಇಲಿಗಳ ಸಂಸಾರ. ವಾರಕ್ಕೊಮ್ಮೆ ಪಡುಬಿದ್ರೆಯವರೆಗೆ ಹೋಗಿ ಬಂದರೆ ಬ್ಯಾಟರಿ ತುಂಬುತ್ತದೆ, ಆಯಿಲು ಬಿಸಿಯಾಗುತ್ತದೆ, ಡಿಸ್ಕು ಉಜ್ಜಿ ಸ್ವಚ್ಛವಾಗುತ್ತದೆ. ನಿಂತ ಕಾರಿಗೆ ಓಟವೇ ಔಷಧ.

ಈಗಿನ ಕಾರುಗಳ ತಗಡಿಗೆ ಸತುವಿನ ಲೇಪವಿದೆ, ಐದು ವರ್ಷಕ್ಕೆ ಮಾರಿಬಿಟ್ಟರಾಯಿತು, ಇಷ್ಟೆಲ್ಲ ತಲೆಬಿಸಿ ಯಾಕೆ ಎಂಬ ವಾದವೂ ಇದೆ. ಸತು ತುಕ್ಕನ್ನು ಮುಂದೂಡುತ್ತದೆ ಎಂಬುದು ನಿಜ. ಆದರೆ ಗೀರಿದ ಕಡೆ, ಬೆಸುಗೆಯ ಸಂದಿನಲ್ಲಿ ಉಪ್ಪು ತನ್ನ ದಾರಿ ಹುಡುಕಿಕೊಳ್ಳುತ್ತದೆ. ಮಾರಿದ ಕಾರೇನು ಮಾಯವಾಗುವುದಿಲ್ಲ. ಮೊದಲ ಬಾರಿ ಕಾರು ಕೊಳ್ಳುವ ಇನ್ನೊಂದು ಮನೆಗೆ ಅದು ಹೋಗುತ್ತದೆ. ಅವರೂ ಬಣ್ಣ ನೋಡಿಯೇ ಕೊಳ್ಳುತ್ತಾರೆ, ಆಮೇಲೆ ಅದೇ ಕಾರಿನಲ್ಲಿ ಮಕ್ಕಳನ್ನು ಕೂರಿಸಿ ಘಾಟಿ ಹತ್ತುತ್ತಾರೆ. ಅಡಿ ನೋಡದೆ ಮಾರುವುದು ಸಣ್ಣ ತಪ್ಪೆಂದು ನನಗೆ ಈಗ ಅನ್ನಿಸುವುದಿಲ್ಲ.

ನಮ್ಮ ಪದ್ಧತಿಯಲ್ಲಿ ಒಳ್ಳೆಯದಿಲ್ಲವೇ? ಇದೆ, ಅದು ನಮ್ಮ ಪಂಚಾಂಗದಲ್ಲೇ ಇದೆ. ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಯ ವಾರದ ಹೊತ್ತಿಗೆ, ಪತ್ತನಾಜೆ ಬರುತ್ತದೆ. ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವ, ನೇಮಗಳಿಗೆ ವಿರಾಮ ಬೀಳುವ, ಮನೆಮನೆಯಲ್ಲಿ ಸೌದೆ ಒಳಗಿಡುವ ದಿನ ಅದು. ಮಳೆಗೆ ಮುಂಚಿನ ಆ ಎಚ್ಚರವನ್ನೇ ಕಾರಿಗೂ ಕೊಡಬಹುದು: ಬಿಸಿಲಿಗೆ ಗಡುಸಾದ ವೈಪರ್ ಬದಲಿಸುವುದು, ಟಯರು, ಬ್ರೇಕು, ದೀಪ ನೋಡಿಸುವುದು, ಬ್ಯಾಟರಿಯ ತುದಿಗಳ ಬಿಳಿಪುಡಿ ಒರೆಸಿ ವ್ಯಾಸಲೀನ್ ಹಚ್ಚುವುದು. ಮಳೆ ಹಿಂದೆ ಸರಿಯುವ ಹೊತ್ತಿಗೆ ಆಯುಧಪೂಜೆ ಬರುತ್ತದೆ. ನಾಲ್ಕು ತಿಂಗಳ ಕೆಸರು ತೊಳೆದು, ಒಣಗಿಸಿ, ತುಕ್ಕಿದ್ದಲ್ಲಿ ಕೆರೆದು ಲೇಪಿಸಲು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಹಿರಿಯರು ದುಡಿಯುವ ಉಪಕರಣಕ್ಕೆ ಒಂದು ದಿನ ಮೀಸಲಿಟ್ಟರು. ನಾವು ಅದರಲ್ಲಿ ಹೂವನ್ನು ಉಳಿಸಿಕೊಂಡು ಉಪಕರಣವನ್ನು ಮರೆತಿದ್ದೇವೆ.

ನನ್ನ ಕಾರಿಗೆ ಹೊಸ ತಗಡು ಬೆಸೆದು ಈಗ ಎರಡು ಮಳೆಗಾಲ ಕಳೆದಿವೆ. ಕಳೆದ ನವಮಿಯಂದು ಚೆಂಡುಹೂವಿನ ಮಾಲೆ ಹಾಕುವ ಮೊದಲು ಅಂಗಳದಲ್ಲಿ ಗೋಣಿ ಹಾಸಿ ಮಲಗಿ, ಪಕ್ಕದಿಂದ ಟಾರ್ಚ್ ಬಿಟ್ಟು ಅಡಿಯನ್ನೆಲ್ಲ ನೋಡಿದೆ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬಾರದು, ಹಾಕಬೇಕಾಗಿಯೂ ಇಲ್ಲ. ಹಿಂದಿನ ಚಕ್ರದ ಬಳಿ ಒಂದು ರೂಪಾಯಿ ಅಗಲದ ಕೆಂಪು ಕಲೆ ಕಂಡಿತು. ಅದನ್ನು ಆ ದಿನವೇ ಉಜ್ಜಿ ತೆಗೆದೆ. ಆಮೇಲೆ ಪೂಜೆ, ಆರತಿ. ಕೊನೆಗೆ ನಾಲ್ಕು ಚಕ್ರಗಳ ಕೆಳಗೆ ಲಿಂಬೆಹಣ್ಣು.

ಲಿಂಬೆಹಣ್ಣು ಇಡಲು ಆ ದಿನ ಊರಿನಲ್ಲಿ ಎಲ್ಲರೂ ಬಗ್ಗುತ್ತೇವೆ. ಬಗ್ಗಿದ ಮೇಲೆ ತಲೆಯನ್ನು ಇನ್ನೊಂದು ಗೇಣು ತಗ್ಗಿಸಿದರೆ ಸಾಕು.